ಬೀಟಲ್‌ಜ್ಯೂಸ್ ಎಂಬ ಹೆಸರು ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂದರೆ ಸಾಕು, ನನಗೆ ಬರುವ ಆಕಾಶದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ನಕ್ಷತ್ರದ ಬಗ್ಗೆ ಇರುತ್ತವೆ. ಅದು ಯಾವಾಗ ಸಿಡಿಯುತ್ತೆ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕಿಂತ ಸೊಗಸಾದದ್ದು ಅದರ ಹೆಸರಿನ ಕಥೆ, ಅದನ್ನು ಕೇಳುವವರೂ ಕಡಿಮೆ ಇಲ್ಲ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಮೊದಲು ಪರಿಚಯ

ಬೀಟಲ್‌ಜ್ಯೂಸ್ ಅಂದ್ರೆ ಯಾವ ನಕ್ಷತ್ರ? ನಮ್ಮೂರಿಂದ ಕಾಣುತ್ತಾ?

ಚೆನ್ನಾಗಿ ಕಾಣುತ್ತೆ. ಡಿಸೆಂಬರ್ ತಿಂಗಳಲ್ಲಿ ರಾತ್ರಿ ಎಂಟು, ಎಂಟೂವರೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ, ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತವೆ. ಅದು ಒರಾಯನ್, ಅಂದರೆ ಮಹಾವ್ಯಾಧನ ಸೊಂಟಪಟ್ಟಿ. ಆ ಸಾಲಿನ ಎಡಕ್ಕೆ ಕಿತ್ತಳೆ-ಕೆಂಪು ಬಣ್ಣದಲ್ಲಿ ಹೊಳೆಯುವುದೇ ಬೀಟಲ್‌ಜ್ಯೂಸ್. ಬಲಕ್ಕೆ ಅಷ್ಟೇ ದೂರದಲ್ಲಿ ನೀಲಿ-ಬಿಳಿಯಾಗಿ ಹೊಳೆಯುವುದು ರೈಗೆಲ್. ಎರಡರ ಬಣ್ಣ ಒಮ್ಮೆ ಹೋಲಿಸಿ ನೋಡಿದರೆ ಆಮೇಲೆ ಗುರುತು ತಪ್ಪೋದಿಲ್ಲ.

ಫೆಬ್ರವರಿ ಮೊದಲ ವಾರದಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಇದು ಬೆಂಗಳೂರು, ಮಂಗಳೂರಿನವರ ನೆತ್ತಿಯ ಹತ್ತಿರ ಬಂದಿರುತ್ತೆ. ನೆತ್ತಿಗೂ ಅದಕ್ಕೂ ಐದಾರು ಡಿಗ್ರಿ ಅಂತರ ಅಷ್ಟೇ. ಮಹಡಿ ಮೇಲೆ ಚಾಪೆ ಹಾಸಿ ಮಲಗಿ ನೋಡೋದೇ ಸರಿ.

ಒಂದೇ ಸಾಲಿನಲ್ಲಿ ಹೇಳಿಬಿಡಿ, ಹೆಸರಿನ ಅರ್ಥ ಏನು?

'ಜೌಝಾಳ ಕೈ'. ಅರಬ್ಬಿಯಲ್ಲಿ ಯದ್ ಅಲ್-ಜೌಝಾ. ಜೌಝಾ ಹಳೆಯ ಅರಬ್ಬರ ಆಕಾಶದಲ್ಲಿದ್ದ ಒಬ್ಬ ಹೆಂಗಸು.

ಇದನ್ನ ಹೇಗೆ ಹೇಳೋದು? ಕನ್ನಡದಲ್ಲಿ ಒಬ್ಬೊಬ್ರು ಒಂದೊಂದು ಥರ ಬರೀತಾರೆ.

ಇಂಗ್ಲಿಷಿನವರು ಹೆಚ್ಚಾಗಿ 'ಬೀಟಲ್‌ಜ್ಯೂಸ್' ಅನ್ನುತ್ತಾರೆ, ಕೆಲವರು 'ಬೆಟಲ್‌ಜ್ಯೂಸ್' ಅನ್ನುತ್ತಾರೆ. ಫ್ರೆಂಚರು 'ಬೆತೆಲ್‌ಗೂಝ್' ಥರ ಹೇಳುತ್ತಾರೆ. ಜರ್ಮನರದ್ದು ಇನ್ನೂ ಮಜಾ: 'ಬೆಟೈಗೊಯ್ಟ್ಸೆ'. ಅಲ್ಲಿ 'ಲ'ಕಾರವೇ ಮಾಯ, ಅದು ಇರಬೇಕಾದ ಕಡೆ 'ಇ'ಕಾರ ಬಂದು ಕೂತಿದೆ. ಮೂಲ ಅರಬ್ಬಿ ಉಚ್ಚಾರಕ್ಕೆ ಇವು ಯಾವುವೂ ಹತ್ತಿರ ಇಲ್ಲ. ಹಾಗಾಗಿ ಯಾರು ಸರಿ, ಯಾರು ತಪ್ಪು ಅಂತ ಜಗಳ ಆಡೋಕೆ ಯಾರಿಗೂ ಹಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕನ್ನಡದಲ್ಲಿ ನಾನು 'ಬೀಟಲ್‌ಜ್ಯೂಸ್' ಅಂತ ಬರೆಯುತ್ತೇನೆ, ಕೇಳಿದವರಿಗೆ ಥಟ್ಟನೆ ಗೊತ್ತಾಗುತ್ತೆ ಅಂತ.

ಅದು ಹಾಲಿವುಡ್ ಸಿನಿಮಾ ಹೆಸರಲ್ವಾ?

1988ರಲ್ಲಿ ಆ ಉಚ್ಚಾರದ ಹೆಸರಿನ ಒಂದು ದೆವ್ವದ ಹಾಸ್ಯ ಸಿನಿಮಾ ಬಂತು. ಅದರಿಂದ ನಕ್ಷತ್ರಕ್ಕೆ ಹೆಸರು ಬಂದಿಲ್ಲ, ನಕ್ಷತ್ರದ ಹೆಸರು ನೂರಾರು ವರ್ಷ ಹಳೆಯದು. ಜೀರುಂಡೆಗೂ ಹಣ್ಣಿನ ರಸಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ಆರಿದ್ರಾ ಅಂದ್ರೂ ಇದೇ ನಕ್ಷತ್ರನಾ?

ಹೌದು ಅಂತಲೇ ಸಾಮಾನ್ಯವಾಗಿ ಹೇಳುತ್ತಾರೆ. ಪಂಚಾಂಗದ 27 ನಕ್ಷತ್ರಗಳಲ್ಲಿ ಆರನೆಯದು ಆರ್ದ್ರಾ. ಬಾಯಿಮಾತಿನಲ್ಲಿ ಆರಿದ್ರಾ, ಆರುದ್ರಾ. ತಮಿಳಿನಲ್ಲಿ ತಿರುವಾದಿರೈ, ಮಲಯಾಳದಲ್ಲಿ ತಿರುವಾದಿರ. ಈ ಗುರುತಿಸುವಿಕೆಯಲ್ಲಿ ಒಂದು ಸಣ್ಣ ತಕರಾರು ಇದೆ, ಅದನ್ನು ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

## ಜೌಝಾ ಎಂಬ ಹೆಂಗಸು

ಈ ಜೌಝಾ ಯಾರು? ಒರಾಯನ್ ಗಂಡಸು ಅಲ್ವಾ?

ಒರಾಯನ್ ಗ್ರೀಕರವನು, ಬೇಟೆಗಾರ. ಜೌಝಾ ಅರಬ್ಬರವಳು. ಗ್ರೀಕ್ ಖಗೋಳ ಪುಸ್ತಕಗಳು ಅರಬ್ಬಿಗೆ ಅನುವಾದ ಆಗಿದ್ದು ಮುಖ್ಯವಾಗಿ 9ನೇ ಶತಮಾನದಲ್ಲಿ. ಅದಕ್ಕೂ ಮೊದಲೇ ಮರುಭೂಮಿಯ ಜನ ಅದೇ ನಕ್ಷತ್ರಗಳಲ್ಲಿ ಜೌಝಾಳನ್ನು ಕಾಣುತ್ತಿದ್ದರು. ಅವಳಿಗೆ ಕೈ, ಕಾಲು, ಸೊಂಟಪಟ್ಟಿ, ಕಿರೀಟ, ಜಡೆ ಎಲ್ಲಾ ಇತ್ತು.

ಹೆಸರಿನ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಅದರ ಧಾತುವಿಗೆ 'ನಡು' ಎಂಬ ಅರ್ಥ ಇದೆ. ಹಾಗಾಗಿ 'ನಡುವಿನವಳು' ಅಂತ ಹೆಚ್ಚಿನವರು ಬಿಡಿಸುತ್ತಾರೆ. ಆಕಾಶದ ನಟ್ಟನಡುವೆ ನಿಲ್ಲುತ್ತಾಳೆ ಅನ್ನುವುದು ಒಂದು ವಿವರಣೆ, ಅದರಲ್ಲಿ ತಥ್ಯ ಇಲ್ಲದೆ ಇಲ್ಲ: ಅವಳ ಸೊಂಟಪಟ್ಟಿ ಆಕಾಶದ ಸಮಭಾಜಕ ರೇಖೆಯ ಪಕ್ಕದಲ್ಲೇ ಇದೆ. ಇನ್ನೊಂದು ವಿವರಣೆ ಕುರಿಗಾಹಿಗಳದ್ದು. ಮೈಯೆಲ್ಲ ಕಪ್ಪಾಗಿದ್ದು ನಡುವಿನಲ್ಲಿ ಮಾತ್ರ ಬೆಳ್ಳಗಿರುವ ಕುರಿಯನ್ನೂ ಜೌಝಾ ಅನ್ನುತ್ತಿದ್ದರಂತೆ. ಕಪ್ಪು ಆಕಾಶ, ನಡುವೆ ಮೂರು ಬಿಳಿ ಚುಕ್ಕೆ. ನನಗೆ ಈ ಎರಡನೆಯದು ಹೆಚ್ಚು ಇಷ್ಟ, ಆದರೆ ಇಷ್ಟ ಬೇರೆ, ಸಾಕ್ಷಿ ಬೇರೆ.

ಅವಳ ಬಗ್ಗೆ ಕಥೆ ಏನಾದ್ರೂ ಇದೆಯಾ?

ಇದೆ, ಒಳ್ಳೆಯ ಕಥೆಯೇ. ಆದರೆ ಸುಖಾಂತ್ಯ ಅಲ್ಲ.

ಸುಹೈಲ್ ಎಂಬುವವನು ಜೌಝಾಳನ್ನು ಮದುವೆಯಾದ. ಮದುವೆಯ ರಾತ್ರಿಯೇ ಅವಳ ಬೆನ್ನು ಮುರಿಯಿತು. ಅವಳ ಕಡೆಯವರು ಬಿಡುವುದಿಲ್ಲ ಅಂತ ಹೆದರಿ ಸುಹೈಲ್ ದಕ್ಷಿಣಕ್ಕೆ ಓಡಿಹೋದ. ಇಂದಿಗೂ ದಕ್ಷಿಣದ ದಿಗಂತದ ಹತ್ತಿರ ಒಬ್ಬನೇ ಇದ್ದಾನೆ. ಅವನಿಗೆ ಇಬ್ಬರು ತಂಗಿಯರು. ಒಬ್ಬಳು ಆಕಾಶಗಂಗೆಯನ್ನು ದಾಟಿ ಅಣ್ಣನ ಹಿಂದೆ ಹೊರಟಳು, ಅವಳೇ ನಾವು ಲುಬ್ಧಕ ಅನ್ನುವ ಸಿರಿಯಸ್. ಅರಬ್ಬಿಯಲ್ಲಿ ಅವಳ ಹೆಸರು ಅಬೂರ್, 'ದಾಟಿದವಳು' ಅಂತ. ಇನ್ನೊಬ್ಬಳಿಗೆ ದಾಟಲು ಆಗಲಿಲ್ಲ. ಈಚೆ ದಡದಲ್ಲೇ ನಿಂತು ಅತ್ತು ಅತ್ತು ಅವಳ ಕಣ್ಣು ಮಂಜಾಯಿತು. ಅವಳು ಪ್ರೋಸಿಯಾನ್, ಅರಬ್ಬಿಯಲ್ಲಿ ಗುಮೈಸಾ, ಕಣ್ಣು ಪಿಸುರುಗಟ್ಟಿದವಳು.

ಈ ಕಥೆಯನ್ನು ಆಕಾಶದಲ್ಲೇ ನೋಡಬಹುದು. ಸಿರಿಯಸ್ ಆಕಾಶಗಂಗೆಯ ಆಚೆ ದಡದಲ್ಲಿ ಸುಹೈಲ್‌ನ ಕಡೆಗೇ ಇದೆ. ಪ್ರೋಸಿಯಾನ್ ಈಚೆ ಉಳಿದಿದೆ, ಹೊಳಪಿನಲ್ಲೂ ಕಡಿಮೆ. ಸುಹೈಲ್ ಅಂದರೆ ಕ್ಯಾನೋಪಸ್, ನಮ್ಮ ಅಗಸ್ತ್ಯ ನಕ್ಷತ್ರ. ವಿಂಧ್ಯವನ್ನು ತಗ್ಗಿಸಿ ದಕ್ಷಿಣಕ್ಕೆ ಬಂದು ಮತ್ತೆ ವಾಪಸ್ ಹೋಗದ ಅಗಸ್ತ್ಯನೂ, ದಕ್ಷಿಣಕ್ಕೆ ಓಡಿಹೋಗಿ ವಾಪಸ್ ಬರದ ಸುಹೈಲ್‌ನೂ ಒಂದೇ ನಕ್ಷತ್ರ. ಯಾರಿಂದ ಯಾರು ಕಥೆ ಕಲಿತರು ಅಂತ ಹುಡುಕಬೇಕಾಗಿಲ್ಲ. ಉತ್ತರದ ಯಾವ ಊರಿಂದ ನೋಡಿದರೂ ಆ ನಕ್ಷತ್ರ ದಕ್ಷಿಣದ ಅಂಚು ಬಿಟ್ಟು ಮೇಲೆ ಬರೋದೇ ಇಲ್ಲ. ಕಥೆ ಕಟ್ಟುವವರಿಗೆ ಬೇರೆ ದಾರಿ ಇರಲಿಲ್ಲ.

ರೈಗೆಲ್, ಮಿಂಟಕ ಇವೂ ಅರಬ್ಬಿ ಹೆಸರುಗಳೇನಾ?

ಹೌದು, ಒಂದೇ ಮೈಯ ಬೇರೆ ಬೇರೆ ಭಾಗಗಳು. ರೈಗೆಲ್ ಅಂದರೆ ರಿಜ್ಲ್, ಜೌಝಾಳ ಕಾಲು. ಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮಿಂಟಕ ಮತ್ತು ಅಲ್ನಿಟಾಕ್ ಎರಡಕ್ಕೂ ಸೊಂಟಪಟ್ಟಿ ಅಂತಲೇ ಅರ್ಥ. ನಡುವಿನ ಅಲ್ನಿಲಮ್ ಅಂದರೆ ಮುತ್ತಿನ ಸರ. ಕೆಳಗಿನ ಸೈಫ್ ಮಾತ್ರ ಬೇರೆ ವಂಶದ್ದು. ಅದು 'ಜಬ್ಬಾರ್‌ನ ಖಡ್ಗ', ಜಬ್ಬಾರ್ ಅಂದರೆ ದೈತ್ಯ, ಗ್ರೀಕರ ಒರಾಯನ್‌ಗೆ ಅರಬ್ಬರು ಕೊಟ್ಟ ಹೆಸರು. ಇನ್ನೊಂದು ಭುಜದ ಬೆಲ್ಲಾಟ್ರಿಕ್ಸ್ ಲ್ಯಾಟಿನ್, 'ಯುದ್ಧ ಮಾಡುವವಳು'. ಹೀಗೆ ಒಬ್ಬ ಗ್ರೀಕ್ ಗಂಡಸಿನ ಚಿತ್ರದ ಮೇಲೆ ಒಬ್ಬ ಅರಬ್ ಹೆಂಗಸಿನ ಕೈಕಾಲು ಅಂಟಿಸಿದ ಹಾಗಿದೆ ಇಂದಿನ ನಕ್ಷತ್ರಪಟ.

ನಾನು ದುಬೈನಲ್ಲಿದ್ದೀನಿ. ಇಲ್ಲಿನ ಪೇಪರ್‌ನಲ್ಲಿ ಜೌಝಾ ಅಂದ್ರೆ ಮಿಥುನ ರಾಶಿ ಅಂತ ಇದೆಯಲ್ಲ?

ನೀವು ಓದಿದ್ದು ಸರಿ. ಇಂದಿನ ಅರಬ್ಬಿಯ ರಾಶಿಭವಿಷ್ಯದಲ್ಲಿ ಜೌಝಾ ಅಂದರೆ ಮಿಥುನವೇ. ಗ್ರೀಕರ ಹನ್ನೆರಡು ರಾಶಿಗಳು ಬಂದಾಗ ಅವಕ್ಕೆ ಅರಬ್ಬಿ ಹೆಸರು ಬೇಕಾಯಿತು. ಮಿಥುನ ಪಕ್ಕದಲ್ಲೇ ಇದ್ದದ್ದರಿಂದ ಜೌಝಾಳ ಹೆಸರು ಅತ್ತ ಜರುಗಿತು, ಒರಾಯನ್‌ಗೆ ಜಬ್ಬಾರ್ ಎಂಬ ಹೊಸ ಹೆಸರು ಬಂತು. ಆದರೆ ಬಿಡಿ ನಕ್ಷತ್ರಗಳ ಹೆಸರಲ್ಲಿ ಹಳೆಯ ಜೌಝಾ ಹಾಗೇ ಉಳಿದುಕೊಂಡಳು.

## ಕೈ ಹೋಗಿ ಕಂಕುಳಾದದ್ದು

'ಯದ್' ಅನ್ನೋದು 'ಬೆಟ್' ಆಗಿದ್ದು ಹೇಗೆ? ಯ ಎಲ್ಲಿ, ಬ ಎಲ್ಲಿ!

ಕಿವಿಗೆ ದೂರ, ಕಣ್ಣಿಗೆ ಬಹಳ ಹತ್ತಿರ. ಅರಬ್ಬಿ ಲಿಪಿಯಲ್ಲಿ ಪದದ ಮೊದಲಲ್ಲಿ ಬರುವ 'ಯ' ಮತ್ತು 'ಬ' ಎರಡಕ್ಕೂ ಆಕಾರ ಒಂದೇ, ಸಣ್ಣ ಹಲ್ಲಿನಂಥ ಒಂದು ಏರು. ಕೆಳಗೆ ಎರಡು ಚುಕ್ಕೆ ಇದ್ದರೆ 'ಯ', ಒಂದೇ ಚುಕ್ಕೆ ಇದ್ದರೆ 'ಬ'. ಕೈಬರಹದ ಹಳೆಯ ಪ್ರತಿಗಳಲ್ಲಿ ಚುಕ್ಕೆಗಳು ಅಂಟಿಕೊಳ್ಳುತ್ತಿದ್ದವು, ಅಳಿಸಿಹೋಗುತ್ತಿದ್ದವು. ಕೆಲವು ಲಿಪಿಕಾರರು ಚುಕ್ಕೆ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ನಮ್ಮಲ್ಲಿ 'ಮಥುರ' ಮತ್ತು 'ಮಧುರ' ನೋಡಿ. ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಮಾಸಿದರೆ ಊರು ಹೋಗಿ ಸಿಹಿ ಆಗುತ್ತೆ.

ಕನ್ನಡ ಬಲ್ಲವರು ಸಂದರ್ಭ ನೋಡಿ ಸರಿಯಾಗಿ ಓದಿಕೊಳ್ಳುತ್ತಾರೆ. ಆದರೆ ಓದುವವನಿಗೆ ಆ ಭಾಷೆಯ ಬಳಕೆ ಇಲ್ಲದಿದ್ದರೆ? 12 ಮತ್ತು 13ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊ ಮುಂತಾದ ಕಡೆ ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್‌ಗೆ ತರುವ ಕೆಲಸ ಭರದಿಂದ ನಡೆದಿತ್ತು. ನಕ್ಷತ್ರಗಳ ಹೆಸರನ್ನು ಅನುವಾದಿಸದೆ ಧ್ವನಿಯನ್ನಷ್ಟೇ ಲ್ಯಾಟಿನ್ ಅಕ್ಷರಕ್ಕೆ ಇಳಿಸುವ ರೂಢಿ ಇತ್ತು. ಹೀಗೆ ಇಳಿಸುವಾಗ ಎಲ್ಲೋ ಎರಡು ಚುಕ್ಕೆ ಒಂದಾಗಿ ಕಂಡಿತು. 'ಯದ್ ಅಲ್-ಜೌಝಾ' ಹೋಗಿ 'ಬೆದೆಲ್‌ಗೆಯುಝೆ' ಎಂಬಂಥ ರೂಪ 13ನೇ ಶತಮಾನದ ಲ್ಯಾಟಿನ್ ಬರಹದಲ್ಲಿ ಬಂತು. ಮುಂದಿನವರು ಅದನ್ನೇ ನಕಲು ಮಾಡಿದರು. ದಕಾರ ಟಕಾರವಾಯಿತು, ಕೊನೆಯ ಝಕಾರ ಸಕಾರವಾಯಿತು. ಮೂಲವನ್ನು ತೆಗೆದು ನೋಡುವವರು ಯಾರೂ ಇರಲಿಲ್ಲ.

'ದೈತ್ಯನ ಕಂಕುಳು' ಅಂತ ಎಲ್ಲಾ ಕಡೆ ಓದಿದ್ದೀನಿ. ಅದು ತಪ್ಪಾ?

ತಪ್ಪು. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. 'ದೈತ್ಯ'ವೂ ತಪ್ಪು, 'ಕಂಕುಳು'ವೂ ತಪ್ಪು.

ಆದದ್ದು ಇಷ್ಟು. ಯುರೋಪಿನಲ್ಲಿ ಅರಬ್ಬಿ ಕಲಿತ ವಿದ್ವಾಂಸರು ಬಂದಾಗ 'ಬೆಟ್' ಎಂಬ ತುಂಡು ಅವರಿಗೆ ಒಗಟಾಯಿತು. ಮೊದಲಕ್ಷರವೇ ತಪ್ಪಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಬಕಾರದಿಂದ ಶುರುವಾಗುವ ಅರಬ್ಬಿ ಪದ ಹುಡುಕಿದರು. ಕೆಲವರು 'ಬೈತ್' ಅಂದರು, ಅಂದರೆ ಮನೆ, ಜೌಝಾಳ ಮನೆ. ಆಮೇಲೆ ಜೋಸೆಫ್ ಸ್ಕಾಲಿಜರ್ ಎಂಬ ಮಹಾಪಂಡಿತ 'ಬಾತ್' ಇರಬೇಕು, ಅದಕ್ಕೆ ಕಂಕುಳು ಅಂತ ಅರ್ಥ ಅಂದ. ನಕ್ಷತ್ರ ಭುಜದ ಹತ್ತಿರವೇ ಇರುವುದರಿಂದ ಎಲ್ಲರಿಗೂ ಒಪ್ಪಿಗೆಯಾಯಿತು. ಒಂದೇ ತೊಂದರೆ, ಅರಬ್ಬಿಯಲ್ಲಿ ಕಂಕುಳಿಗೆ 'ಬಾತ್' ಅನ್ನುವುದಿಲ್ಲ, 'ಇಬ್ತ್' ಅನ್ನುತ್ತಾರೆ. ಅದಕ್ಕೂ ಉಪಾಯ ಸಿಕ್ಕಿತು: ಮೂಲ 'ಇಬ್ತ್ ಅಲ್-ಜೌಝಾ' ಆಗಿತ್ತು ಅಂತ ತಿದ್ದಿಬಿಟ್ಟರು! ಹಳೆಯ ಅರಬ್ ಖಗೋಳಜ್ಞರು ಈ ನಕ್ಷತ್ರಕ್ಕೆ ಬಳಸಿದ ಹೆಸರು ಅದಲ್ಲ.

ಅಮೆರಿಕದ ರಿಚರ್ಡ್ ಹಿಂಕ್ಲಿ ಅಲೆನ್ 1899ರಲ್ಲಿ ನಕ್ಷತ್ರಗಳ ಹೆಸರಿನ ಬಗ್ಗೆ ಒಂದು ದಪ್ಪ ಪುಸ್ತಕ ತಂದ. ಅದರಲ್ಲಿ 'ನಡುವಿನವಳ ಕಂಕುಳು' ಎಂಬ ವಿವರಣೆ ಸೇರಿತು. ಇಂಗ್ಲಿಷ್ ಓದುವವರೆಲ್ಲ ಅಲ್ಲಿಂದಲೇ ಎತ್ತಿಕೊಂಡರು. ಅವರಿಂದ ನಮ್ಮ ಶಾಲೆಯ ಕ್ವಿಜ್‌ವರೆಗೂ ಬಂತು. ತಮಾಷೆ ಏನಂದರೆ ಇಂದಿನ ಅರಬ್ ಓದುಗರಲ್ಲೂ 'ಇಬ್ತ್ ಅಲ್-ಜೌಝಾ' ಓಡಾಡುತ್ತಿದೆ. ಯುರೋಪಿನ ತಪ್ಪು ಊಹೆ ಸುತ್ತು ಹಾಕಿಕೊಂಡು ತವರಿಗೇ ಬಂದು ಸೇರಿದೆ.

ಹಾಗಿದ್ರೆ 'ಕೈ' ಅನ್ನೋದು ಸರಿ ಅಂತ ಹೇಗೆ ಗೊತ್ತಾಯ್ತು?

ಪಾಲ್ ಕುನಿಟ್ಜ್ ಎಂಬ ಜರ್ಮನ್ ಅರಬ್ಬಿ ವಿದ್ವಾಂಸ ಕೂತು ಮೂಲಪ್ರತಿಗಳನ್ನು ಓದಿದರು. ಯುರೋಪಿನಲ್ಲಿ ಬಳಕೆಯಲ್ಲಿರುವ ಅರಬ್ಬಿ ನಕ್ಷತ್ರನಾಮಗಳ ಬಗ್ಗೆ 1959ರಲ್ಲಿ ಅವರ ಅಧ್ಯಯನ ಬಂತು. ನಿಘಂಟಿನಲ್ಲಿ ಹೊಂದುವ ಪದ ಹುಡುಕುವ ಬದಲು ಅವರು ಬೇರೆ ದಾರಿ ಹಿಡಿದರು. ಲ್ಯಾಟಿನ್ ರೂಪ ಯಾವ ಅರಬ್ಬಿ ಪಠ್ಯದಿಂದ ಇಳಿಯಿತು, ಆ ಪಠ್ಯದಲ್ಲಿ ಏನು ಬರೆದಿತ್ತು ಅಂತ ಹಿಂದಕ್ಕೆ ಹಿಂದಕ್ಕೆ ಹೋದರು.

ಆಗ ಸಿಕ್ಕಿದ್ದು ಎರಡು ಹೆಸರು. ಪರ್ಷಿಯಾದ ಅಬ್ದ್ ಅಲ್-ರಹಮಾನ್ ಅಲ್-ಸೂಫಿ 964ರ ಸುಮಾರಿಗೆ ಬರೆದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಅವೆರಡೂ ಇವೆ. ಒಂದು 'ಮನ್ಕಿಬ್ ಅಲ್-ಜೌಝಾ', ಜೌಝಾಳ ಭುಜ. ಇದು ಗ್ರೀಕ್ ಕಡೆಯಿಂದ ಬಂದದ್ದು, ಏಕೆಂದರೆ ಹಳೆಯ ಗ್ರೀಕ್ ಖಗೋಳಜ್ಞ ಟಾಲೆಮಿ ಈ ನಕ್ಷತ್ರವನ್ನು ಬಲ ಭುಜದ ಮೇಲಿನ ಹೊಳೆಯುವ ಕೆಂಪು ನಕ್ಷತ್ರ ಅಂತ ಬಣ್ಣಿಸಿದ್ದ. ಇನ್ನೊಂದು 'ಯದ್ ಅಲ್-ಜೌಝಾ', ಅರಬ್ಬರ ಸ್ವಂತ ಹೆಸರು. ಲ್ಯಾಟಿನ್‌ಗೆ ಹೋದದ್ದು ಇದೇ. ಬೀಟಲ್‌ಜ್ಯೂಸ್‌ನ ಬೀ ಅಕ್ಷರ ಯಕಾರದ ತಪ್ಪು ಓದು ಅಂತ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ತಪ್ಪು ಅಂತ ಗೊತ್ತಾದ ಮೇಲೆ ಹೆಸರನ್ನ ಸರಿ ಮಾಡಬಾರದಾ?

ಯಾರೂ ಮಾಡಲಿಲ್ಲ, ಮಾಡುವುದೂ ಇಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2016ರಲ್ಲಿ ನಕ್ಷತ್ರಗಳ ಹೆಸರಿಗಾಗಿಯೇ ಒಂದು ಕಾರ್ಯಗುಂಪು ಮಾಡಿತು. ಅದೇ ವರ್ಷ ಒಪ್ಪಿಗೆ ಪಡೆದ ಮೊದಲ ಹೆಸರುಗಳಲ್ಲಿ ಇದೂ ಒಂದು, ಇದೇ ತಪ್ಪು ಕಾಗುಣಿತದಲ್ಲೇ. ನನಗೆ ಇದರ ಬಗ್ಗೆ ಬೇಜಾರಿಲ್ಲ. ಏಳುನೂರು ವರ್ಷ ಜನರ ಬಾಯಲ್ಲಿ ಸವೆದ ಹೆಸರು ಅದು. ಕಾಗುಣಿತ ಹಾಗೇ ಇರಲಿ, ಅರ್ಥವನ್ನಾದರೂ ಸರಿಯಾಗಿ ಹೇಳೋಣ.

ದುಡ್ಡು ಕೊಟ್ರೆ ನಕ್ಷತ್ರಕ್ಕೆ ನಮ್ಮ ಮಗಳ ಹೆಸರು ಇಡ್ತಾರಂತೆ, ನಿಜನಾ?

ಚಂದದ ಕಾಗದ ಒಂದು ಸಿಗುತ್ತೆ, ಅಷ್ಟೇ. ಖಗೋಳ ಒಕ್ಕೂಟ ಹೆಸರು ಮಾರುವುದಿಲ್ಲ, ಮಾರಿದವರ ಹೆಸರನ್ನು ಒಪ್ಪುವುದೂ ಇಲ್ಲ. ದುಡ್ಡಿಲ್ಲದೆ ಹೆಸರಿಡುವ ಅವಕಾಶ ಮಾತ್ರ ಒಮ್ಮೊಮ್ಮೆ ಬರುತ್ತೆ. 2019ರಲ್ಲಿ ಒಕ್ಕೂಟ ಒಂದೊಂದು ದೇಶಕ್ಕೆ ಒಂದು ನಕ್ಷತ್ರ, ಅದರ ಒಂದು ಗ್ರಹ ಕೊಟ್ಟಿತ್ತು. ಭಾರತದ ಪಾಲಿನ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಅಂತಲೂ ಗ್ರಹಕ್ಕೆ 'ಸಂತಮಸ' ಅಂತಲೂ ಹೆಸರಾಯಿತು.

## ನಮ್ಮ ಕಡೆಯ ಹೆಸರು

ಕೆಂಪಗೆ ಉರಿಯೋ ನಕ್ಷತ್ರಕ್ಕೆ 'ಒದ್ದೆ' ಅಂತ ಯಾಕೆ ಹೆಸರಿಟ್ರು?

ಆರ್ದ್ರ ಅಂದರೆ ಒದ್ದೆ, ಹಸಿ. ಹವಾಮಾನ ವರದಿಯಲ್ಲಿ ಬರುವ 'ಆರ್ದ್ರತೆ' ಇದೇ ಪದ. ಆರಿದ್ರಾ ಮಳೆ ಸುರಿಯುವ ಕಾಲ ಆದ್ದರಿಂದ ಈ ಹೆಸರು ಅನ್ನುವುದು ಎಲ್ಲರಿಗೂ ಥಟ್ಟನೆ ಹೊಳೆಯುವ ಉತ್ತರ. ಈಗಿನ ಲೆಕ್ಕಕ್ಕೆ ಅದು ಸರಿಯಾಗಿ ಕೂರುತ್ತೆ. ಸೂರ್ಯ ಆರಿದ್ರಾಕ್ಕೆ ಬರುವುದು ಜೂನ್ 21-22ಕ್ಕೆ, ಜುಲೈ ಮೊದಲ ವಾರದವರೆಗೆ ಇರುತ್ತಾನೆ. ಮಿರಗದ ಮಳೆ ಮುಗಿದು ಮುಂಗಾರು ಬಲಿಯುವ ಹೊತ್ತು. ಆರಿದ್ರಾ ಮತ್ತು ದಾರಿದ್ರ್ಯವನ್ನು ಪ್ರಾಸ ಮಾಡಿ ಆಡುವ ರೈತರ ಗಾದೆಗಳು ಹುಟ್ಟಿದ್ದೂ ಇದಕ್ಕೇ. ಆ ಮಳೆ ಕೈಕೊಟ್ಟರೆ ವರ್ಷದ ಬೆಳೆಯ ಪಾಡು ಕಷ್ಟ.

ಆದರೆ ಹೆಸರು ಈಗ ಇಟ್ಟದ್ದಲ್ಲವಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಋತುಗಳು ನಕ್ಷತ್ರಗಳಿಂದ ಜಾರುತ್ತವೆ. ಮೂರು ಸಾವಿರ ವರ್ಷದ ಹಿಂದೆ ಸೂರ್ಯ ಈ ನಕ್ಷತ್ರದ ಹತ್ತಿರ ಬರುತ್ತಿದ್ದದ್ದು ಈಗಿನ ಮೇ ಎರಡನೇ ವಾರದ ಋತುವಿನಲ್ಲಿ. ಅದು ಮುಂಗಾರಲ್ಲ, ಬಿರುಗಾಳಿ, ಗುಡುಗಿನ ಕಾಲ. ಆರ್ದ್ರೆಯ ದೇವತೆ ರುದ್ರ, ಬಿರುಗಾಳಿಯ ದೇವರು. ಆ ನೋಟದಿಂದ ಸಂಬಂಧ ಕಟ್ಟಬಹುದು. ಮುಂಗಾರಿನಿಂದಲೇ ಹೆಸರು ಬಂತು ಅಂತ ಅಡ್ಡಗೆರೆ ಎಳೆದು ಹೇಳುವುದಕ್ಕೆ ಮಾತ್ರ ನಾನು ಹಿಂಜರಿಯುತ್ತೇನೆ.

ಆರಿದ್ರಾ ಮಳೆ ಟೈಮಲ್ಲಿ ಮೋಡ ಸರಿದ್ರೂ ಆ ನಕ್ಷತ್ರ ಕಾಣಲ್ಲ, ಯಾಕೆ?

ಸೂರ್ಯ ಅದರ ಹತ್ತಿರ ಇರುತ್ತಾನೆ, ಅದಕ್ಕೆ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ. ಮಳೆ ನಕ್ಷತ್ರ ಅನ್ನುವುದು ಸೂರ್ಯ ಇರುವ ನಕ್ಷತ್ರ. ಹಾಗಾಗಿ ಯಾವ ನಕ್ಷತ್ರದ ಮಳೆ ಬರುತ್ತಿದೆಯೋ ಆ ನಕ್ಷತ್ರ ಆಗ ಕಾಣುವುದಿಲ್ಲ. ಆರಿದ್ರಾ ನೋಡಬೇಕಾದರೆ ಚಳಿಗಾಲಕ್ಕೆ ಕಾಯಬೇಕು. ಧನುರ್ಮಾಸದ ಹುಣ್ಣಿಮೆಯ ಹೊತ್ತಿಗೆ ಚಂದ್ರ ಇದರ ಬಳಿ ಬರುತ್ತಾನೆ, ಚಿದಂಬರದ ನಟರಾಜನಿಗೆ ಆರುದ್ರಾ ದರ್ಶನ ನಡೆಯುವುದು ಆಗಲೇ. ನಮ್ಮ ಕೆಲವು ಶಿವಾಲಯಗಳಲ್ಲೂ ಉಂಟು.

ವೇದದಲ್ಲೂ ಇದಕ್ಕೆ 'ಬಾಹು' ಅಂತ ಹೆಸರಿದೆಯಂತೆ. ಹಾಗಾದ್ರೆ ಅರಬ್ಬರು ನಮ್ಮಿಂದಲೇ ಕಲಿತದ್ದು ಅಲ್ವಾ?

ಮೊದಲ ಮಾತು ನಿಜ. ತೈತ್ತಿರೀಯ ಬ್ರಾಹ್ಮಣದ ನಕ್ಷತ್ರಪಟ್ಟಿಯಲ್ಲಿ ಈ ಜಾಗಕ್ಕೆ 'ರುದ್ರಸ್ಯ ಬಾಹೂ' ಅಂತ ಬರುತ್ತೆ, ರುದ್ರನ ಎರಡು ತೋಳುಗಳು. ಅದರ ಹಿಂದಿನ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. ಪ್ರಜಾಪತಿ ಜಿಂಕೆಯ ರೂಪ ತಾಳಿ ತನ್ನ ಮಗಳನ್ನೇ ಅಟ್ಟಿಸಿಕೊಂಡು ಹೋದ. ದೇವತೆಗಳು ಸಿಟ್ಟಾಗಿ ತಮ್ಮ ಘೋರ ರೂಪಗಳನ್ನೆಲ್ಲ ಸೇರಿಸಿ ಒಬ್ಬನನ್ನು ಸೃಷ್ಟಿಸಿದರು. ಅವನು ಬಾಣ ಬಿಟ್ಟ. ಜಿಂಕೆ ಮೃಗ ಎಂಬ ನಕ್ಷತ್ರವಾಯಿತು, ಹೊಡೆದವನು ಮೃಗವ್ಯಾಧ, ಮಗಳು ರೋಹಿಣಿ, ಮೂರು ಗೆಣ್ಣಿನ ಬಾಣ ಆಕಾಶದಲ್ಲಿ ಹಾಗೇ ನಿಂತಿತು. ಆ ಬಾಣವೇ ಒರಾಯನ್‌ನ ಸೊಂಟಪಟ್ಟಿಯ ಮೂರು ನಕ್ಷತ್ರ. ಬೇಟೆಯ ಈ ಚಿತ್ರದಲ್ಲಿ ತೋಳಿಗೆ ಜಾಗ ಇರುವುದು ಸಹಜ.

ಎರಡನೇ ಮಾತಿಗೆ ಆಧಾರ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಕೊಕಥಾ ಜನರನ್ನು ನೋಡಿ. ಅವರಿಗೆ ಒರಾಯನ್ ಅಂದರೆ ನ್ಯೀರುನಾ ಎಂಬ ಬೇಟೆಗಾರ. ಅವನು ಕೃತ್ತಿಕೆಯ ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಅವರ ಅಕ್ಕ ಅಡ್ಡ ನಿಲ್ಲುತ್ತಾಳೆ. ಸಿಟ್ಟಿನಿಂದ ಅವನ ಬಲಗೈಯಲ್ಲಿ ಬೆಂಕಿ ತುಂಬಿಕೊಳ್ಳುತ್ತೆ. ಆ ಬಲಗೈಯೇ ಬೀಟಲ್‌ಜ್ಯೂಸ್! ಅವರು ಅರಬ್ಬರಿಂದಲೂ ಕಲಿತಿಲ್ಲ, ನಮ್ಮಿಂದಲೂ ಕಲಿತಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಹೊಳೆಯುವ ನಕ್ಷತ್ರ, ನಡುವೆ ಪಟ್ಟಿ. ನೋಡಿದವರಿಗೆ ಮನುಷ್ಯನ ಆಕಾರ ಕಾಣುತ್ತೆ, ಮೇಲಿನ ಮೂಲೆಗೆ ಕೈ ಅನ್ನುತ್ತಾರೆ.

ಆರಿದ್ರಾ ಅಂದ್ರೆ ಬೀಟಲ್‌ಜ್ಯೂಸ್ ಅಲ್ಲವೇ ಅಲ್ಲ ಅಂತ ಒಬ್ಬರು ವಾದ ಮಾಡಿದ್ರು. ಏನು ಹೇಳ್ತೀರಿ?

ಅವರ ಕೈಯಲ್ಲಿ ಸರಕು ಇದೆ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥ ಪ್ರತಿಯೊಂದು ನಕ್ಷತ್ರದ ಯೋಗತಾರೆಗೆ, ಅಂದರೆ ಅದನ್ನು ಗುರುತಿಸುವ ಮುಖ್ಯ ತಾರೆಗೆ, ಅಂಕಿ ಕೊಡುತ್ತೆ. ಆರ್ದ್ರೆಗೆ ಕೊಟ್ಟಿರುವುದು ಸೂರ್ಯಪಥದಿಂದ 9 ಡಿಗ್ರಿ ದಕ್ಷಿಣ. ಬೀಟಲ್‌ಜ್ಯೂಸ್ ಇರುವುದು 16 ಡಿಗ್ರಿ ದಕ್ಷಿಣಕ್ಕೆ. ಏಳು ಡಿಗ್ರಿ ಅಂದರೆ ಹದಿನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅಳತೆಯ ತಪ್ಪು ಅಂತ ಸುಮ್ನೆ ತಳ್ಳಿಹಾಕುವಷ್ಟು ಸಣ್ಣದಲ್ಲ. 19ನೇ ಶತಮಾನದಲ್ಲಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದವರೂ ಇಲ್ಲೇ ಎಡವಿ ನಿಂತಿದ್ದರು. ಇನ್ನೊಂದು ಸಂಗತಿ: ಈಗಿನ ಪಂಚಾಂಗಗಳು ಬಳಸುವ ಲಾಹಿರಿ ಅಯನಾಂಶದಲ್ಲಿ (ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕು ಅನ್ನುವ ಲೆಕ್ಕ) ಬೀಟಲ್‌ಜ್ಯೂಸ್ ಸುಮಾರು 64 ಡಿಗ್ರಿ 54 ಕಲೆಯಲ್ಲಿ (60 ಕಲೆಗೆ ಒಂದು ಡಿಗ್ರಿ) ಬೀಳುತ್ತೆ. ಆರ್ದ್ರೆಯ ಪಾಲು ಶುರುವಾಗುವುದೇ 66 ಡಿಗ್ರಿ 40 ಕಲೆಯಿಂದ. ಲೆಕ್ಕದ ಪ್ರಕಾರ ಅದು ಮೃಗಶಿರೆಯ ಮನೆಯಲ್ಲಿದೆ!

ಆದರೆ 9 ಡಿಗ್ರಿ ದಕ್ಷಿಣದ ಆ ಜಾಗದಲ್ಲಿ ಕಣ್ಣು ಸೆಳೆಯುವ ನಕ್ಷತ್ರ ಒಂದೂ ಇಲ್ಲ. ಆರ್ದ್ರೆಗೆ ಒಂದೇ ನಕ್ಷತ್ರ, ಅದು ಕೆಂಪು, ಹವಳ ಅಥವಾ ಮಾಣಿಕ್ಯದಂತೆ ಅನ್ನುವ ಸಂಪ್ರದಾಯದ ಮಾತಿಗೆ ಹೊಂದುವುದು ಬೀಟಲ್‌ಜ್ಯೂಸ್ ಒಂದೇ. ನಾನು ಆ ಕಡೆಗೇ ವಾಲುತ್ತೇನೆ. ಸಿದ್ಧಾಂತದ ಅಂಕಿಯನ್ನು ಮುಚ್ಚಿಟ್ಟು ಮಾತ್ರ ಅಲ್ಲ.

## ಇನ್ನೂ ಕೆದಕುವವರಿಗೆ

ಚೀನಾ, ಜಪಾನಿನವರು ಏನಂತಾರೆ?

ಚೀನಾದಲ್ಲಿ ಇದು 'ಷೆನ್ ಮನೆಯ ನಾಲ್ಕನೆಯದು'. ಷೆನ್ ಅಂದರೆ ಮೂರು, ಪಟ್ಟಿಯ ಮೂರು ನಕ್ಷತ್ರಗಳಿಂದ ಬಂದದ್ದು. ನಂಬರ್ ಕೊಟ್ಟು ಕೆಲಸ ಮುಗಿಸಿದ್ದಾರೆ. ಜಪಾನಿನದು ಚೆನ್ನಾಗಿದೆ. 12ನೇ ಶತಮಾನದಲ್ಲಿ ಅಲ್ಲಿ ಹೈಕೆ ಮತ್ತು ಗೆಂಜಿ ಎಂಬ ಎರಡು ಮನೆತನಗಳ ನಡುವೆ ಯುದ್ಧ ನಡೆಯಿತು. ಹೈಕೆಯವರ ಬಾವುಟ ಕೆಂಪು, ಗೆಂಜಿಯವರದ್ದು ಬಿಳಿ. ಬೀಟಲ್‌ಜ್ಯೂಸ್ 'ಹೈಕೆ ನಕ್ಷತ್ರ', ರೈಗೆಲ್ 'ಗೆಂಜಿ ನಕ್ಷತ್ರ'. ನಡುವಿನ ಪಟ್ಟಿ ಇಬ್ಬರನ್ನೂ ದೂರ ಇಟ್ಟಿದೆ.

ರೈಗೆಲ್ ಜಾಸ್ತಿ ಹೊಳೆಯುತ್ತೆ. ಮತ್ತೆ 'ಆಲ್ಫಾ' ಅನ್ನೋ ಪಟ್ಟ ಇದಕ್ಕೆ ಯಾಕೆ?

ಜರ್ಮನಿಯ ಯೋಹಾನ್ ಬೇಯರ್ 1603ರಲ್ಲಿ ತನ್ನ ನಕ್ಷತ್ರಪಟದಲ್ಲಿ ಗ್ರೀಕ್ ಅಕ್ಷರ ಹಂಚಿದ. ಅವನು ಹೊಳಪನ್ನು ಮೀಟರ್ ಇಟ್ಟು ಅಳೆದವನಲ್ಲ. ಎರಡೂ ಮೊದಲ ದರ್ಜೆಯವು, ಮೇಲಿನದಕ್ಕೆ ಆಲ್ಫಾ, ಕೆಳಗಿನದಕ್ಕೆ ಬೀಟಾ ಸಿಕ್ಕಿತು. ಜೊತೆಗೆ ಬೀಟಲ್‌ಜ್ಯೂಸ್‌ನ ಹೊಳಪು ಒಂದೇ ಸಮ ಇರುವುದೂ ಇಲ್ಲ. 1836ರಲ್ಲಿ ಜಾನ್ ಹರ್ಷೆಲ್ ಇದನ್ನು ಗುರುತಿಸಿದ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಈಗಲೇ ಸಿಡಿಯುತ್ತೆ ಅಂತ ಸುದ್ದಿಯೋ ಸುದ್ದಿ. ನಕ್ಷತ್ರವೇ ಉಗುಳಿದ ಧೂಳು ಅಡ್ಡ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು.

ಇದಕ್ಕೊಂದು ಜೋಡಿ ನಕ್ಷತ್ರ ಸಿಕ್ಕಿದೆಯಂತೆ. ಅದಕ್ಕೇನು ಹೆಸರು?

ಆರು ವರ್ಷಕ್ಕೊಮ್ಮೆ ಬರುವ ಒಂದು ಏರಿಳಿತ ಬಹಳ ಕಾಲದಿಂದ ಒಗಟಾಗಿತ್ತು. ಸುತ್ತ ಒಂದು ಸಣ್ಣ ನಕ್ಷತ್ರ ತಿರುಗುತ್ತಿರಬೇಕು ಅಂತ 2024ರಲ್ಲಿ ಲೆಕ್ಕ ಹಾಕಿ ಹೇಳಿದರು. ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಲ್ಲಿ ಅದರ ಮಸುಕಾದ ಗುರುತು ಕಂಡಿದೆ ಅಂತ 2025ರ ಜುಲೈನಲ್ಲಿ ಪ್ರಕಟವಾಯಿತು. ಕಂಡವರ ತಂಡ ಸೂಚಿಸಿದ ಹೆಸರು 'ಸಿವಾರ್ಹಾ'. ಅರಬ್ಬಿಯಲ್ಲಿ ಸಿವಾರ್ ಅಂದರೆ ಬಳೆ, ಕೊನೆಯ 'ಹಾ' ಅಂದರೆ 'ಅವಳ'. ಕೈಗೆ ಬಳೆ! ದೈತ್ಯನ ಕಂಕುಳು ಅಂತ ನಂಬಿದ್ದರೆ ಈ ಹೆಸರು ಹೊಳೆಯುತ್ತಲೇ ಇರಲಿಲ್ಲ. ಕಂಡ ಗುರುತು ಮಸುಕು, ಖಚಿತ ಮಾಡಿಕೊಳ್ಳಬೇಕಾದದ್ದು ಇನ್ನೂ ಇದೆ. 2027ರ ನವೆಂಬರ್‌ನಲ್ಲಿ ಅದು ಮತ್ತೆ ದೊಡ್ಡ ನಕ್ಷತ್ರದಿಂದ ಆದಷ್ಟು ದೂರಕ್ಕೆ ಸರಿಯುತ್ತೆ, ಆಗ ಇನ್ನೊಮ್ಮೆ ನೋಡಲು ಒಳ್ಳೆಯ ಅವಕಾಶ.